ಷೇರು ಮೇಷ್ಟ್ರ ಚಪ್ಪಾಳೆ

ನಮ್ಮ ಊರಿನಲ್ಲಿ ನಂಬಿಕೆ ಇಲ್ಲದೆ ಹೊಡೆದ ಚಪ್ಪಾಳೆಗೆ ಸದ್ದು ಬರುವುದಿಲ್ಲ. ಎರಡು ಅಂಗೈ ಬಂದು ಒಂದಕ್ಕೊಂದು ತಾಗುತ್ತವೆ, ಅಷ್ಟೆ. ಹೊರಗಿನಿಂದ ಬಂದವರು ಇದನ್ನು ನೋಡಿ ಬಾಯಿ ಬಿಟ್ಟುಕೊಂಡು ನಿಲ್ಲುತ್ತಾರೆ. ನಮಗೆ ಇದು ನಲ್ಲಿ ನೀರು ಬೆಳಗಿನ ಹೊತ್ತು ಮಾತ್ರ ಬರುತ್ತದೆ ಎನ್ನುವ ಹಾಗೆ, ಹುಟ್ಟಿದಾಗಿನಿಂದ ಹೊಂದಿಕೊಂಡು ಬಂದ ಸಂಗತಿ. ಭಜನೆಯಲ್ಲಿ ಭಕ್ತಿ ಸ್ವಲ್ಪ ಕಡಿಮೆ ಇರುವವರು ಮುಂಚೆಯೇ ಹೋಗಿ ತಾಳ ಹಿಡಿದುಕೊಂಡು ಕೂರುತ್ತಾರೆ. ಓಟು ಕೇಳಲು ಬರುವವರು ಭಾಷಣ ಮುಗಿಯುತ್ತಿದ್ದ ಹಾಗೆ ಬಾರಿಸಿಬಿಡಿ ಎಂದು ಬ್ಯಾಂಡ್‌ಸೆಟ್ಟಿನವರಿಗೆ ಹೇಳಿಟ್ಟಿರುತ್ತಾರೆ. ಶಾಲೆಯ ವಾರ್ಷಿಕೋತ್ಸವದಲ್ಲಿ ಹೆಡ್‌ಮಾಸ್ತರರು ವರದಿ ಓದಿ ಮುಗಿಸಿದ ಮೇಲೆ ಜವಾನ ಗಂಟೆ ಹೊಡೆಯುತ್ತಾನೆ. ಸೊಳ್ಳೆ ಹೊಡೆಯುವಾಗ ಮಾತ್ರ ಎಲ್ಲರ ಕೈಗೂ ಸದ್ದು ಬರುತ್ತದೆ. ಸೊಳ್ಳೆಯ ವಿಷಯದಲ್ಲಿ ಯಾರಿಗೂ ಅನುಮಾನವಿಲ್ಲ. ಇನ್ನು ಮನೆಯೊಳಗೆ ಗಂಡ ಹೆಂಡತಿಯನ್ನಾಗಲಿ, ತಮ್ಮ ಅಕ್ಕನನ್ನಾಗಲಿ ಚಪ್ಪಾಳೆ ಹೊಡೆದು ತೋರಿಸು ಎಂದು ಕೇಳುವುದಿಲ್ಲ. ಕೇಳಬಾರದು ಎಂದು ಯಾರೂ ಕಟ್ಟಳೆ ಮಾಡಿಲ್ಲ. ಕೇಳಿದ ಮನೆಗಳು ಆಮೇಲೆ ಏನಾದವು ಎಂಬುದನ್ನು ಎಲ್ಲರೂ ನೋಡಿದ್ದೇವೆ, ಅದಕ್ಕೆ ಕೇಳುವುದಿಲ್ಲ.

ನನ್ನ ಹೆಸರು ಅಂಬುಜ. ಊರಿನ ಪುರಭವನದಲ್ಲಿ ನನ್ನದು ಕೇಳುವ ಕೆಲಸ. ಹೊರಗಿನಿಂದ ಯಾರು ಬಂದು ಏನನ್ನು ಕಲಿಸುತ್ತೇನೆಂದರೂ, ಅದು ಯೋಗವಾಗಲಿ, ಕೇಕ್ ಮಾಡುವುದಾಗಲಿ, ಇಂಗ್ಲಿಷ್ ಮಾತಾಡುವುದಾಗಲಿ, ಮೊದಲು ಪುರಭವನದಲ್ಲಿ ಒಂದು ದಿನ ಪುಕ್ಕಟೆ ಪಾಠ ಮಾಡಬೇಕು. ಆಗ ನಾನು ವೇದಿಕೆಗೆ ಬೆನ್ನು ಹಾಕಿ, ಜನರ ಕಡೆ ಮುಖ ಮಾಡಿ, ಒಂದು ಬೆತ್ತದ ಕುರ್ಚಿಯಲ್ಲಿ ಕೂರುತ್ತೇನೆ. ಪಾಠ ಮುಗಿದಾಗ ಬೀಳುವ ಚಪ್ಪಾಳೆಯನ್ನು ಕೇಳಿಸಿಕೊಳ್ಳುತ್ತೇನೆ. ಕಿವಿ ತಣ್ಣಗಾಗಲಿ ಎಂದು ಒಂದು ರಾತ್ರಿ ಬಿಟ್ಟು, ಮಾರನೆಯ ಸಂಜೆ ಅದೇ ಸಭೆಯ ಮುಂದೆ ನಿಂತು, ಹಿಡಿಯಿತು ಎಂದೋ ಹಿಡಿಯಲಿಲ್ಲ ಎಂದೋ ಹೇಳುತ್ತೇನೆ. ಹಿಡಿಯಿತು ಎಂದರೆ ಅವರು ಫೀಸು ತೆಗೆದುಕೊಂಡು ಕ್ಲಾಸು ಶುರು ಮಾಡಬಹುದು. ಹಿಡಿಯಲಿಲ್ಲ ಎಂದರೆ ಊಟ ಹಾಕಿ ಬಸ್ಸು ಹತ್ತಿಸುತ್ತೇವೆ. ಈ ಕೆಲಸವನ್ನು ನನಗೆ ಬಿಟ್ಟುಕೊಟ್ಟ ಸೋದರತ್ತೆ ಒಂದೇ ಒಂದು ಮಾತು ಹೇಳಿದ್ದಳು: ಕೇಳುವವಳು ತಾನು ಚಪ್ಪಾಳೆ ಹೊಡೆಯಬಾರದು, ಸ್ವಂತ ಕೈಯ ಸದ್ದು ಕಿವಿಯನ್ನು ಕೆಡಿಸುತ್ತದೆ. ಹಾಗಾಗಿ ನಾನು ಸೊಳ್ಳೆಯನ್ನು ಕೂಡ ಬೀಸಣಿಗೆಯಿಂದಲೇ ಓಡಿಸಿಕೊಂಡು ಬಂದವಳು. ನನ್ನನ್ನು ನೋಡಲು ಬಂದ ಗಂಡುಗಳಿಗೆ ಅಪ್ಪನ ಕೈ ಸದ್ದು ಮಾಡಲಿಲ್ಲ, ಅದಕ್ಕೆ ಮದುವೆಯಾಗಲಿಲ್ಲ ಎಂದು ಕೇಳಿದವರಿಗೆ ಹೇಳುತ್ತೇನೆ. ನಿಜವಾಗಿ, ಈ ಕೆಲಸ ಹಿಡಿಯುವ ಮುಂಚಿನ ಆ ದಿನಗಳಲ್ಲಿ ಸದ್ದು ಮಾಡದೆ ಹೋದದ್ದು ನನ್ನ ಕೈಯೇ.

ನಾನಿರುವುದು ತಮ್ಮ ಪದ್ದುವಿನ ಮನೆಯಲ್ಲಿ. ಪದ್ಮನಾಭ ಎಂದು ಅಪ್ಪ ಇಟ್ಟ ಹೆಸರು, ಊರಿಗೆಲ್ಲ ಅವನು ಪದ್ದು. ಪೇಟೆ ಬೀದಿಯಲ್ಲಿ ಅವನದೊಂದು ಫೋಟೋ ಸ್ಟುಡಿಯೋ ಇತ್ತು. ಊರಿನ ಮಕ್ಕಳೆಲ್ಲ ವರ್ಷ ತುಂಬಿದ ದಿನ ಅಲ್ಲಿಗೆ ಬಂದು, ಹೊಸ ಬಟ್ಟೆ ಚುಚ್ಚುತ್ತದೆಂದು ಅತ್ತು ರಂಪ ಮಾಡಿದವರೇ. ಅಳುವ ಮಗು ಕ್ಯಾಮೆರಾ ಕಡೆ ನೋಡಲಿ ಎಂದು ಪದ್ದು ಕಪ್ಪು ಬಟ್ಟೆಯ ಪಕ್ಕದಿಂದ ಒಂದೇ ಒಂದು ಚಪ್ಪಾಳೆ ಹೊಡೆಯುತ್ತಿದ್ದ. ಅದು ಬೀದಿಯ ಆಚೆ ಬದಿಯ ಹೋಟೆಲಿಗೂ ಕೇಳಿಸುತ್ತಿತ್ತು. ಎಂಥ ಹಟಮಾರಿ ಮಗುವೂ ಅಳು ನಿಲ್ಲಿಸಿ ತಿರುಗಿ ನೋಡುತ್ತಿತ್ತು, ಅಷ್ಟರಲ್ಲಿ ಫೋಟೋ ಮುಗಿದಿರುತ್ತಿತ್ತು. ಆಮೇಲೆ ಎಲ್ಲರ ಜೇಬಿಗೂ ಕ್ಯಾಮೆರಾ ಇರುವ ಫೋನು ಬಂತು. ಜನ ಕಡಿಮೆಯಾದರು. ಒಂದು ದಿನ ಅಕ್ಕಸಾಲಿಗರ ಮನೆಯ ಮಗು ಬಂದಾಗ ಪದ್ದು ಚಪ್ಪಾಳೆ ಹೊಡೆದ, ಸದ್ದು ಬರಲಿಲ್ಲ. ಇನ್ನೊಮ್ಮೆ ಹೊಡೆದ. ಮಗು ಅಮ್ಮನ ಹೆಗಲಿಗೆ ಮುಖ ಹುದುಗಿಸಿಕೊಂಡೇ ಇತ್ತು. ಅಂದು ಮಧ್ಯಾಹ್ನ ಬಾಗಿಲು ಹಾಕಿಕೊಂಡು ಬಂದವನು ಮತ್ತೆ ತೆಗೆಯಲಿಲ್ಲ. ಅಂಗಡಿ ಮಾರಿದ ದುಡ್ಡು ಬ್ಯಾಂಕಿನಲ್ಲಿತ್ತು. ಅವನು ಜಗಲಿಯಲ್ಲಿ ಕೂತಿರುತ್ತಿದ್ದ. ನಾದಿನಿ ಮಾಲಿನಿ, ತಮ್ಮನ ಹೆಂಡತಿಯನ್ನು ನಾನು ನಾದಿನಿ ಎಂದೇ ಕರೆಯುವುದು, ಹಪ್ಪಳ ಲಟ್ಟಿಸಿ ಮನೆ ನಡೆಸುತ್ತಿದ್ದಳು. ಜಗಲಿಯಲ್ಲಿ ಕೂತ ಗಂಡಸಿನ ಮುಖ ನೋಡಿಕೊಂಡು ಮನೆಗೆಲಸ ಮಾಡುವುದು ಎಷ್ಟು ಕಷ್ಟ ಎಂದು ನನಗೆ ಆಗ ತಿಳಿಯಿತು. ಅವನ ಮೇಲೆ ಸಿಟ್ಟು ಬರುತ್ತಿತ್ತು, ಸಿಟ್ಟಿನ ಹಿಂದೆಯೇ ಅಳು ಬರುತ್ತಿತ್ತು.

ಈ ಹೊತ್ತಿಗೆ ನಮ್ಮ ಊರಿಗೆ ಷೇರು ಪೇಟೆಯ ಪಾಠದ ಗಾಳಿ ಬೀಸಿತು. ಮೊದಲು ಬಂದವನು ಷೇರುಗಳಿಗೂ ಜಾತಕ ಇದೆ ಎಂದ. ಗ್ರಹಗತಿ ನೋಡಿ ಕೊಳ್ಳಬೇಕು, ಅಮಾವಾಸ್ಯೆಗೆ ಮಾರಬೇಕು ಎಂದ. ನಮ್ಮೂರಿನವರು ಜಾತಕವನ್ನು ಮದುವೆಗೇ ಅಷ್ಟಾಗಿ ನಂಬುವುದಿಲ್ಲ, ಹಿಡಿಯಲಿಲ್ಲ. ಆಮೇಲೆ ಬಂದವನು ಪಾಠ ಗೀಠ ಏನೂ ಬೇಡ, ನನ್ನ ವಾಟ್ಸಾಪ್ ಗುಂಪಿಗೆ ಸೇರಿ, ದಿನಾ ಬೆಳಿಗ್ಗೆ ಯಾವುದು ಕೊಳ್ಳಬೇಕು ಎಂದು ಹೇಳುತ್ತೇನೆ ಎಂದ. ಅವನಿಗೆ ಮೂಲೆಯಲ್ಲಿ ಕೂತ ಕೆಲವರ ಕೈ ಮಾತ್ರ ಟಪಟಪ ಎಂದಿತು. ಮೂರನೆಯವರು ಲೀಲಾವತಿ ಮೇಡಂ ಎಂಬ ನಿವೃತ್ತ ಬ್ಯಾಂಕ್ ಅಧಿಕಾರಿ. ಆಕೆ ಕನ್ನಡಕ ಒರೆಸಿಕೊಂಡು, ದಿನಾ ಕೊಂಡು ದಿನಾ ಮಾರುವವರಲ್ಲಿ ಬಹುಪಾಲು ಜನ ಕಳೆದುಕೊಳ್ಳುತ್ತಾರೆ, ಬೇಕಾಗದ ದುಡ್ಡಿದ್ದರೆ ಒಳ್ಳೆ ಕಡೆ ಹಾಕಿ ವರ್ಷಗಟ್ಟಲೆ ಮರೆತುಬಿಡಿ, ಇಲ್ಲದಿದ್ದರೆ ಈ ಕಡೆ ಬರಲೇಬೇಡಿ ಎಂದರು. ಜನ ಮರ್ಯಾದೆಗೆ ಕೈ ಆಡಿಸಿದರು. ಇಡೀ ಭವನದಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮಾರನೆಯ ದಿನ ನಾನು ಹಿಡಿಯಲಿಲ್ಲ ಎಂದೆ. ಕೇಳಿದ್ದನ್ನು ಹೇಳುವುದಷ್ಟೇ ನನ್ನ ಕೆಲಸ. ಆಕೆ ಬೇಸರ ಮಾಡಿಕೊಳ್ಳದೆ ಬಸ್ಸಿನ ವೇಳೆ ಕೇಳಿಕೊಂಡು ಛತ್ರಿ ಹಿಡಿದು ಹೊರಟರು.

ಕೊನೆಗೆ ಬಂದವರು ಕೀರ್ತಿರಾಜ್ ಸರ್. ನಲವತ್ತು ದಾಟಿರದ ಮನುಷ್ಯ, ಕೆನ್ನೆಯ ಪಕ್ಕಕ್ಕೆ ಅಂಟಿಕೊಂಡ ಮೈಕು, ಮೈಮೇಲೆ ಕೋಟು, ಹೊಳೆಯುವ ಬೂಟು. ಎಲ್ಲರಿಗೂ ಉಪ್ಪಿಟ್ಟು ಕಾಫಿ ಕೊಡಿಸಿದರು. ನಾನು ಬೆನ್ನು ಹಾಕಿ ಕೂತಿದ್ದರಿಂದ ಪರದೆಯ ಮೇಲೆ ಅವರು ತೋರಿಸಿದ್ದು ನನಗೆ ಕಾಣಲಿಲ್ಲ. ಜನರ ಮುಖದ ಮೇಲೆ ಒಮ್ಮೆ ಹಸಿರು ಬೆಳಕು, ಒಮ್ಮೆ ಕೆಂಪು ಬೆಳಕು ಬೀಳುವುದು ಕಾಣುತ್ತಿತ್ತು. ಒಂದೇ ದಿನದಲ್ಲಿ ಬಂದ ಲಾಭ ಎಂದು ಒಂದೊಂದೇ ಚಿತ್ರ ತೋರಿಸುತ್ತಾ ಹೋದರು. ನಿಮ್ಮ ದುಡ್ಡು ಬ್ಯಾಂಕಿನಲ್ಲಿ ನಿದ್ದೆ ಮಾಡುತ್ತಿದೆ, ನೀವೂ ಜಗಲಿಯಲ್ಲಿ ಕೂತು ನಿದ್ದೆ ಮಾಡುತ್ತಿದ್ದೀರಿ, ಇಬ್ಬರೂ ಏಳಬೇಕು ಎಂದರು. ಎರಡನೆಯ ಸಾಲಿನಲ್ಲಿ ಕೂತಿದ್ದ ಪದ್ದು ಜಗಲಿ ಎಂಬ ಮಾತಿಗೆ ಬೆನ್ನು ನೆಟ್ಟಗೆ ಮಾಡಿಕೊಂಡ. ವಯಸ್ಸಾಗಿದೆ, ಕೆಲಸ ಹೋಗಿದೆ, ಇನ್ನೇನಿದೆ ಎನ್ನುವವರಿಗೇ ನಾನು ಹೇಳುವುದು, ಕಲಿತರೆ ಯಾರಿಗಾದರೂ ಬರುತ್ತದೆ ಎಂದರು ಕೀರ್ತಿರಾಜ್. ಇವತ್ತೇ ಸೇರುವವರಿಗೆ ಅರ್ಧ ಫೀಸು ಎಂದಾಗ, ನಮ್ಮಲ್ಲಿ ನಾಳೆ ಸಂಜೆಯವರೆಗೆ ಫೀಸು ತೆಗೆದುಕೊಳ್ಳುವ ಹಾಗಿಲ್ಲ ಎಂದು ಯಾರೋ ನೆನಪಿಸಿದರು. ಅವರು ಸ್ವಲ್ಪ ತಬ್ಬಿಬ್ಬಾದರು, ಹಾಗಾದರೆ ನಾಳೆಗೂ ಅರ್ಧವೇ ಎಂದರು. ಆಮೇಲೆ, ನಿಮ್ಮ ಭವಿಷ್ಯಕ್ಕೆ ನೀವೇ ಜೋರಾಗಿ ಚಪ್ಪಾಳೆ ಹೊಡೆಯಿರಿ, ನಾನೂ ಹೊಡೆಯುತ್ತೇನೆ ಎಂದರು.

ಅಂಥ ಸದ್ದನ್ನು ನಾನು ಆ ಭವನದಲ್ಲಿ ಕೇಳಿರಲಿಲ್ಲ. ತಗಡಿನ ಮಾಡು ಅದುರಿತು. ಅದರ ನಡುವೆ ಒಂದು ಸದ್ದು ನನಗೆ ಬೇರೆಯಾಗಿಯೇ ಕೇಳಿಸಿತು, ದಪ್ಪ, ಚೊಕ್ಕ, ಒಂದೊಂದೇ ಏಟು. ಪದ್ದುವಿನ ಕೈ. ಅವನು ತನ್ನ ಅಂಗೈಗಳನ್ನು ತಾನೇ ನೋಡುತ್ತಾ ಹೊಡೆಯುತ್ತಿದ್ದ. ನನ್ನ ಕಣ್ಣಲ್ಲಿ ನೀರು ಬಂತು. ಕೇಳುವವಳು ಸಭೆಯಲ್ಲಿ ಅಳಬಾರದು ಎಂದು ಅತ್ತೆ ಹೇಳಿರಲಿಲ್ಲ, ಆದರೂ ಸೆರಗಿನಿಂದ ಒರೆಸಿಕೊಂಡೆ.

ಮಾರನೆಯ ಬೆಳಿಗ್ಗೆ ಭವನದಲ್ಲಿ ಕುರ್ಚಿ ಮಡಿಸಿಡುತ್ತಿದ್ದಾಗ ಕೀರ್ತಿರಾಜ್ ಒಬ್ಬರೇ ಬಂದರು. ಮೈಕಿಲ್ಲದೆ ಅವರ ಧ್ವನಿ ಸಣ್ಣದಾಗಿತ್ತು. ಬಾಗಿಲಲ್ಲೇ ನಿಂತು, ಈ ಊರಿನ ಹವೆಗೆ ಕಿವಿಗೆ ಏನಾದರೂ ಆಗುತ್ತದೆಯೇ ಎಂದು ಕೇಳಿದರು. ರಾತ್ರಿ ಲಾಡ್ಜಿನಲ್ಲಿ, ದಿನಾ ಮಾಡುವ ಹಾಗೆ, ಕನ್ನಡಿಯ ಮುಂದೆ ಮುಂದಿನ ಊರಿನ ಭಾಷಣದ ಅಭ್ಯಾಸ ಮಾಡಿದರಂತೆ. ಕೊನೆಗೆ ಚಪ್ಪಾಳೆ ಹೊಡೆದುಕೊಂಡರೆ ಸದ್ದೇ ಬರಲಿಲ್ಲವಂತೆ. ಆದರೆ ಹಾಸಿಗೆಯ ಹತ್ತಿರ ಸೊಳ್ಳೆ ಹೊಡೆದಾಗ ಚೆನ್ನಾಗಿ ಕೇಳಿಸಿತಂತೆ. ಎಲ್ಲಿ, ಇಲ್ಲೊಮ್ಮೆ ಹೊಡೆದು ತೋರಿಸಿ ಎಂದೆ. ಖಾಲಿ ಭವನದಲ್ಲಿ ಅವರು ನನ್ನ ಮುಂದೆ ನಿಂತು, ನನ್ನ ಕೋರ್ಸು ನಿಮ್ಮ ಬದುಕು ಬದಲಾಯಿಸುತ್ತದೆ ಎಂದು ಹೇಳಿ ಎರಡು ಕೈ ಹೊಡೆದರು. ಏನೂ ಕೇಳಿಸಲಿಲ್ಲ. ಕಿಟಕಿಯಲ್ಲಿದ್ದ ಪಾರಿವಾಳ ಕದಲಲಿಲ್ಲ.

ನಾನು ಊರಿನ ವಿಷಯ ಹೇಳಿದೆ. ಅವರು ನಗಬಹುದು ಎಂದುಕೊಂಡಿದ್ದೆ, ನಗಲಿಲ್ಲ. ಮಡಿಸಿದ್ದ ಒಂದು ಕುರ್ಚಿಯನ್ನು ಮತ್ತೆ ಬಿಡಿಸಿಕೊಂಡು ಕೂತರು. ಆಮೇಲೆ ನಾನು ಕೇಳದೆಯೇ ಹೇಳುತ್ತಾ ಹೋದರು. ನಾಲ್ಕೈದು ವರ್ಷ ಹಗಲೆಲ್ಲ ಪರದೆ ನೋಡಿಕೊಂಡು ಟ್ರೇಡಿಂಗ್ ಮಾಡಿದ್ದರು. ಮೊದಮೊದಲು ಬಂತು, ಆಮೇಲೆ ಹೋಯಿತು, ಹೋದದ್ದನ್ನು ಹಿಡಿಯಲು ಹೋಗಿ ಇನ್ನಷ್ಟು ಹೋಯಿತು. ಹೆಂಡತಿಯ ಬಳೆಗಳೂ ಹೋದವು. ಗೆಳೆಯರೊಬ್ಬರು, ನೀನು ಚೆನ್ನಾಗಿ ಮಾತಾಡುತ್ತೀಯ, ಕಲಿಸು ಎಂದರಂತೆ. ಕಲಿಸಲು ಶುರು ಮಾಡಿದ ಮೇಲೆಯೇ ಮನೆಗೆ ನಾಲ್ಕು ಕಾಸು ಬಂದದ್ದು. ಹಾಗಾದರೆ ನಿನ್ನೆ ತೋರಿಸಿದ ಲಾಭವೆಲ್ಲ ಸುಳ್ಳೇ ಎಂದು ಕೇಳಿದೆ.

"ಒಂದೂ ಸುಳ್ಳಲ್ಲ ಮೇಡಂ. ಎಲ್ಲಾ ನಂದೇ ಖಾತೆ. ಲಾಭ ಬಂದ ದಿನಗಳನ್ನ ಮಾತ್ರ ತೋರಿಸ್ತೀನಿ, ಅಷ್ಟೆ" ಎಂದರು.

ಆಮೇಲೆ ಅವರೇ ನನ್ನ ಬೆತ್ತದ ಕುರ್ಚಿಯನ್ನು ನೋಡುತ್ತಾ, ಅದು ಯಾಕೆ ಆ ಕಡೆ ತಿರುಗಿದೆ ಎಂದು ಕೇಳಿದರು. ಜನರ ಕೈ ನೋಡಲು ಎಂದೆ. "ಅಂದ್ರೆ ಕೇಳೋರು ನಂಬಿದ್ರಾ ಅಂತ ನೋಡ್ತೀರಿ. ಹೇಳೋನು ನಂಬಿದ್ನಾ ಅಂತ ಯಾರೂ ನೋಡಲ್ಲ. ನಿಮ್ಮ ರೂಲ್ ಪ್ರಕಾರ ನಾನು ಪಾಸು" ಎಂದರು. ಗೆದ್ದವರ ದನಿಯಲ್ಲಿ ಹೇಳಲಿಲ್ಲ. ನನಗಂತೂ ಕಪಾಳಕ್ಕೆ ಬಿಗಿದ ಹಾಗಾಯಿತು. ಅತ್ತೆಯ ಕಾಲದಿಂದ ಆ ಕುರ್ಚಿ ಹಾಗೆಯೇ ಇದೆ. ಊರಿಗೆ ಊರೇ, ಅಂಬುಜಕ್ಕ ಹಿಡಿಯಿತು ಅಂದಿದ್ದಾಳೆ ಎಂದು ಒಂದು ಪ್ರಶ್ನೆಯನ್ನೂ ಕೇಳದೆ ಫೀಸು ಕಟ್ಟುತ್ತದೆ. ಜನಕ್ಕೆ ಬೇಕಾದದ್ದನ್ನು ಯಾರು ಹೇಳಿದರೂ ಕೈ ಸದ್ದು ಮಾಡುತ್ತದೆ. ಛತ್ರಿ ಹಿಡಿದು ಹೋದ ಲೀಲಾವತಿ ಮೇಡಂ ನೆನಪಾದರು. ಆಕೆಯ ಕೈಯನ್ನು ಕೇಳಿಸಿಕೊಳ್ಳಬೇಕು ಎಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಸಂಜೆ ನಾನು ಏನು ಹೇಳುತ್ತೇನೆ ಎಂದು ಅವರು ಕೇಳಿದರು. ಇನ್ನೂ ಗೊತ್ತಿಲ್ಲ ಎಂದೆ. ಆದರೆ ನಾನು ಕೂರುವಾಗ ಕುರ್ಚಿಯನ್ನು ವೇದಿಕೆಯ ಕಡೆ ತಿರುಗಿಸಿಕೊಂಡು ಕೂರುತ್ತೇನೆ, ಮಧ್ಯಾಹ್ನ ಒಂದು ಬಸ್ಸಿದೆ, ಅದಕ್ಕೆ ಹೋಗುವುದಾದರೆ ನಾನು ಯಾರಿಗೂ ಏನೂ ಹೇಳುವುದಿಲ್ಲ ಎಂದೆ. ಅವರು ತಲೆಯಾಡಿಸಿ ಎದ್ದು ಹೋದರು. ಬೂಟಿನ ಹೊಳಪು ಆಗಲೇ ಧೂಳಿನಲ್ಲಿ ಮಂಕಾಗಿತ್ತು.

ಮನೆಗೆ ಬಂದರೆ ಜಗಲಿಯಲ್ಲಿ ನಗು. ಪಕ್ಕದ ಮನೆಯ ಮಗುವನ್ನು ಎತ್ತಿ ಕೂರಿಸಿಕೊಂಡು ಪದ್ದು ಆಟವಾಡಿಸುತ್ತಿದ್ದ. ಮಗು ಬೀದಿಯ ನಾಯಿಯನ್ನು ನೋಡುತ್ತಿದ್ದಾಗ ಇವನು ಪಕ್ಕದಿಂದ ಒಂದು ಚಪ್ಪಾಳೆ ಹೊಡೆದ. ಮಗು ತಟ್ಟನೆ ತಿರುಗಿತು. ನೋಡಿದೆಯಾ ಅಕ್ಕ ಎನ್ನುವ ಹಾಗೆ ನನ್ನ ಕಡೆ ನೋಡಿದ. ಚೆಕ್ಕು ಬರೆದು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದ. ಕೋರ್ಸಿನ ಫೀಸಿಗೆ ಸ್ವಲ್ಪ, ಉಳಿದದ್ದೆಲ್ಲ ಟ್ರೇಡಿಂಗಿಗೆ ಎಂದು ಮಾಲಿನಿಗೆ ಹೇಳಿಯೂ ಆಗಿತ್ತು. ಅಂಗಡಿಯ ದುಡ್ಡು ಎಂದರೆ ಆ ಮನೆಗಿದ್ದ ಒಂದೇ ಗಂಟು. ಅದು ಹೋದರೆ ಹಪ್ಪಳದಲ್ಲಿ ಎಷ್ಟು ದಿನ ನಡೆಯುತ್ತದೆ ಎಂಬುದು ನನಗಿಂತ ಮಾಲಿನಿಗೆ ಚೆನ್ನಾಗಿ ಗೊತ್ತು. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಾ, ನನ್ನ ಮುಖ ನೋಡದೆ ಅವಳು ಹೇಳಿದಳು.

"ದುಡ್ಡು ಹೋದ್ರೆ ಹೋಗ್ಲಿ ಅಂತ ನಾನು ಹೇಳಲ್ಲ ಅತ್ತಿಗೆ. ಹೋದ್ರೆ ನಾವು ಮುಳುಗಿದ ಹಾಗೇನೆ. ಆದ್ರೆ ನಿನ್ನೆ ರಾತ್ರಿ ಅವರು ಎರಡನೇ ಸಲ ಅನ್ನ ಹಾಕಿಸ್ಕೊಂಡ್ರು."

ನಾನು ಜಗಲಿಗೆ ಹೋಗಿ ಪದ್ದುವಿನ ಪಕ್ಕ ಕೂತು, ಆ ಮೇಷ್ಟ್ರು ಕಲಿಸಿಯೇ ಹೊಟ್ಟೆ ಹೊರೆಯುತ್ತಿದ್ದಾರೋ, ಟ್ರೇಡಿಂಗ್ ಮಾಡಿ ಹೊರೆಯುತ್ತಿದ್ದಾರೋ ಕೇಳಿದೆಯಾ ಎಂದು ಮೆಲ್ಲಗೆ ಮಾತೆತ್ತಿದೆ. ವರ್ಷವಿಡೀ ಲೆಕ್ಕ ತೋರಿಸಿದರಾ ಎಂದೆ. ಅವನ ಮುಖದ ಬೆಳಕು ಸ್ವಲ್ಪ ಇಳಿಯಿತು. "ಅಕ್ಕ, ನಿನ್ನ ಕೆಲಸ ಕೇಳೋದು. ನಿನ್ನೆ ಏನು ಕೇಳಿದ್ಯೋ ಅದನ್ನ ಹೇಳು, ಸಾಕು" ಎಂದ. ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಕೇಳಿದ್ದನ್ನೇ ಹೇಳಿದರೆ ಅವನ ದುಡ್ಡು ಹೋಗುತ್ತದೆ. ಹೇಳದಿದ್ದರೆ ಅವನ ಕೈ ಮತ್ತೆ ಮೂಕವಾಗುತ್ತದೆ. ಆ ಮಧ್ಯಾಹ್ನ ನಾನು ಊಟ ಮಾಡಲಿಲ್ಲ.

ಸಂಜೆ ಭವನ ತುಂಬಿತ್ತು. ಹಲವರ ಕೈಯಲ್ಲಿ ಆಗಲೇ ಚೆಕ್ಕು. ಕೀರ್ತಿರಾಜ್ ಬರುವುದಿಲ್ಲ ಎಂದೇ ನಾನು ಎಣಿಸಿದ್ದೆ, ಬಂದಿದ್ದರು. ಕೋಟು ಇರಲಿಲ್ಲ. ನಾನು ಎದ್ದು ಬೆತ್ತದ ಕುರ್ಚಿಯನ್ನು ಎತ್ತಿ ವೇದಿಕೆಯ ಕಡೆಗೆ ತಿರುಗಿಸಿ ಹಾಕಿದೆ. ಹಿಂದಿನ ಸಾಲುಗಳಲ್ಲಿ ಗುಸುಗುಸು ಎದ್ದಿತು. ಅಂಬುಜಕ್ಕನಿಗೆ ಕಣ್ಣು ಕಾಣುತ್ತಿಲ್ಲವೇ ಎಂದು ಯಾರೋ ಅಂದರು. ನಿನ್ನೆಯ ಚಪ್ಪಾಳೆ ಕೇಳಿದ್ದೇನೆ, ಅಂಥ ಚಪ್ಪಾಳೆಯನ್ನು ಇಲ್ಲಿ ಹಿಂದೆಂದೂ ಕೇಳಿಲ್ಲ, ಒಂದು ಚಪ್ಪಾಳೆ ಮಾತ್ರ ನಿಮ್ಮೆಲ್ಲರ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ, ಅದನ್ನು ಕೇಳಿ ಆಮೇಲೆ ಹೇಳುತ್ತೇನೆ ಎಂದೆ. ಎರಡನೆಯ ಸಾಲಿನ ಕಡೆ ನೋಡುವ ಧೈರ್ಯವಿರಲಿಲ್ಲ. ಸರ್, ನಿಮ್ಮ ಕೋರ್ಸಿಗೆ ನೀವು ಒಮ್ಮೆ ಹೊಡೆಯಿರಿ ಎಂದೆ.

ಅವರು ಮೈಕನ್ನು ತೆಗೆದು ಮೇಜಿನ ಮೇಲಿಟ್ಟರು. ಎರಡು ಕೈಯನ್ನೂ ಅಗಲಿಸಿ ಹೊಡೆದರು. ಮತ್ತೆ ಹೊಡೆದರು. ನಮ್ಮೂರಿನವರಿಗೆ ಸದ್ದಿಲ್ಲದ ಚಪ್ಪಾಳೆ ಹೊಸದಲ್ಲ, ಆದರೆ ಕಲಿಸುವವರ ಕೈಯಲ್ಲಿ ಅದನ್ನು ನೋಡಿರಲಿಲ್ಲ. ಯಾರೂ ಕೂಗಾಡಲಿಲ್ಲ. ಚೆಕ್ಕುಗಳು ಒಂದೊಂದಾಗಿ ಜೇಬಿಗೆ ಹೋಗುವ ಸರಸರ ಕೇಳಿಸಿತು.

ಅಷ್ಟಕ್ಕೆ ಅವರು ಇಳಿದು ಹೋಗಬಹುದಿತ್ತು. ಹೋಗಲಿಲ್ಲ. ಮಧ್ಯಾಹ್ನದ ಬಸ್ಸು ಹತ್ತಿ ಕೂತಿದ್ದರಂತೆ. ಕಂಡಕ್ಟರ್ ಎಲ್ಲಿಗೆ ಎಂದು ಕೇಳಿದಾಗ ಮುಂದಿನ ಸೆಮಿನಾರಿನ ಊರಿನ ಹೆಸರು ಬಾಯಿಗೆ ಬಂತಂತೆ, ಹೇಳಲಾಗದೆ ಇಳಿದುಬಿಟ್ಟರಂತೆ. ಪುಕ್ಕಟೆ ಉಪ್ಪಿಟ್ಟು ತಿಂದಿದ್ದೀರಿ, ಪಾಠವೂ ಪುಕ್ಕಟೆಯಾಗಿಯೇ ಹೇಳುತ್ತೇನೆ ಎಂದು ಶುರು ಮಾಡಿದರು. ತಾವು ಕಳೆದುಕೊಂಡದ್ದು ಹೇಗೆ ಎಂಬುದನ್ನು ಏನೂ ಮುಚ್ಚಿಡದೆ ಹೇಳಿದರು. ಇನ್ನು ಮೇಲೆ ನಿಮ್ಮ ಊರಿಗೆ ಯಾರೇ ಬಂದರೂ ಲಾಭದ ದಿನಗಳ ಚಿತ್ರ ನೋಡಬೇಡಿ, ಇಡೀ ವರ್ಷದ ಲೆಕ್ಕ ತೋರಿಸಿ ಎನ್ನಿ ಎಂದರು. ನಿಮ್ಮ ಮನೆ ಟ್ರೇಡಿಂಗಿನಿಂದ ನಡೆಯುತ್ತದೋ ನಮ್ಮ ಫೀಸಿನಿಂದ ನಡೆಯುತ್ತದೋ ಎಂದು ಮುಖಕ್ಕೇ ಕೇಳಿ, ಕೇಳಿದ್ದಕ್ಕೆ ಬೇಸರ ಮಾಡಿಕೊಂಡರೆ ಎದ್ದು ಬನ್ನಿ ಎಂದರು. ಇವತ್ತೇ ಸೇರಿ ಎಂದು ಅವಸರ ಮಾಡುವವರ ಹತ್ತಿರ ನಾಳೆಯೂ ಸೇರಬೇಡಿ ಎಂದಾಗ ಒಂದಿಬ್ಬರು ನಕ್ಕರು. ಕಲಿಯಲೇಬೇಕು ಎನ್ನುವ ಆಸೆ ಇದ್ದರೆ ಮೊದಲು ಕಾಗದದ ಮೇಲೆ, ಸುಳ್ಳು ದುಡ್ಡಿನಲ್ಲಿ, ಒಂದು ವರ್ಷ ಆಡಿ ನೋಡಿ ಎಂದರು. ಲೀಲಾವತಿ ಮೇಡಂ ಹೇಳಿದ್ದನ್ನೇ ಇವರೂ ಹೇಳಿದರು, ಒಂದೇ ವ್ಯತ್ಯಾಸ, ಇವರು ಕಳೆದುಕೊಂಡು ಹೇಳಿದರು.

ಮಾತು ಮುಗಿಯಿತು. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಹೊಡೆಯುವ ಮನಸ್ಸು ಯಾರಿಗೂ ಇರಲಿಲ್ಲ. ಆಸೆ ಹೋದ ಜನ ಕೈ ಎತ್ತುವುದಾದರೂ ಹೇಗೆ. ಅವರು ಅದನ್ನು ನಿರೀಕ್ಷಿಸಿಯೂ ಇರಲಿಲ್ಲ. ಬರುತ್ತೇನೆ ಎಂದು ಎರಡು ಕೈ ಜೋಡಿಸಿ ನಮಸ್ಕಾರ ಮಾಡಿದರು, ಮಾಡುವಾಗ ಅಂಗೈಗಳು ಸ್ವಲ್ಪ ಜೋರಾಗಿಯೇ ತಾಗಿದವು. ಟಪ್ ಎಂದಿತು. ವೇದಿಕೆಯ ಕಡೆ ಮುಖ ಮಾಡಿ ಕೂತಿದ್ದರಿಂದ ನನಗೆ ಸ್ಪಷ್ಟವಾಗಿ ಕೇಳಿಸಿತು. ಅವರಿಗೂ ಕೇಳಿಸಿತು. ಜೋಡಿಸಿದ ಕೈಯನ್ನು ಹಾಗೆಯೇ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತರು, ಆಮೇಲೆ ಮೈಕನ್ನು ಮರೆತು ಮೆಟ್ಟಿಲಿಳಿದರು. ನಾನು ಎದ್ದು ನಿಂತು, ನಿನ್ನೆಯ ಪಾಠ ಹಿಡಿಯಲಿಲ್ಲ, ಇವತ್ತಿನದು ಹಿಡಿಯಿತು ಎಂದೆ. ಅದಕ್ಕೆ ಫೀಸಿಲ್ಲ ಎಂದು ಹೇಳುವ ಅಗತ್ಯ ಬೀಳಲಿಲ್ಲ.

ಹೊರಗೆ ಬಂದಾಗ ಇನ್ನೂ ಬೆಳಕಿತ್ತು. ಪದ್ದು ನನಗೆ ಕಾಯದೆ ಹೊರಟಿದ್ದ. ಬೇಗ ಬೇಗ ಹೆಜ್ಜೆ ಹಾಕಿ ಅವನ ಹಿಂದೆ ನಡೆದೆ. ಪೇಟೆ ಬೀದಿಯಲ್ಲಿ, ಈಗ ಚಪ್ಪಲಿ ಅಂಗಡಿಯಾಗಿರುವ ಅವನ ಸ್ಟುಡಿಯೋ ದಾಟಿದೆವು. ಅವನು ಆ ಕಡೆ ನೋಡಲಿಲ್ಲ. ಕೈಗಳನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡಿದ್ದ. ಬೈಯಲಿ ಎಂದು ಕಾದೆ, ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ನಾನೇ ಬಾಯಿ ಬಿಟ್ಟು, ಮೇಷ್ಟ್ರ ಕೈ ಸುಳ್ಳಾದರೂ ನಿನ್ನ ಕೈ ಸುಳ್ಳಾಗಿರಲಿಲ್ಲ ಕಣೋ, ನಾನು ಕೇಳಿದ್ದೇನೆ ಎಂದೆ.

"ಅದು ಯಾರದ್ದೋ ಮಾತಿಗೆ ಬಂದ ಸದ್ದು" ಎಂದ. ನಡೆಯುತ್ತಲೇ ಇದ್ದ. ನಮ್ಮ ಬೀದಿಯ ತಿರುವು ಬಂತು. ಅಲ್ಲಿ ನಿಂತ, ಬೆನ್ನು ನನ್ನ ಕಡೆಗೇ ಇತ್ತು.

"ಅಕ್ಕ, ನಾನಿನ್ನೂ ಏನಾದ್ರೂ ಮಾಡಿಯೇನು ಅಂತ ನಿಂಗೆ ನಂಬಿಕೆ ಇದ್ಯಾ?"

ಇದೆ ಎಂದೆ. ಬಾಯಲ್ಲಿ ಹೇಳೋದು ಬೇಡ, ಹೊಡೆದು ತೋರಿಸು ಎಂದ.

ಮನೆಯವರನ್ನು ಯಾರೂ ಕೇಳದ ಮಾತು. ಕೇಳುವವಳು ಹೊಡೆಯಬಾರದು ಎಂಬ ಅತ್ತೆಯ ಮಾತನ್ನು ಹೇಳಿ ತಪ್ಪಿಸಿಕೊಳ್ಳಬಹುದಿತ್ತು, ಅವನೂ ಒಪ್ಪುತ್ತಿದ್ದ, ಮತ್ತೆ ಇಬ್ಬರೂ ಮನೆಗೆ ಹೋಗಿ ಊಟ ಮಾಡುತ್ತಿದ್ದೆವು. ಆದರೆ ಒಮ್ಮೆ ಕೇಳಿದ ಮೇಲೆ ಹೊಡೆಯದಿರುವುದೂ ಒಂದು ಉತ್ತರವೇ. ನನ್ನೊಳಗೆ ಏನಿದೆ ಎಂದು ನನಗೇ ಗೊತ್ತಿರಲಿಲ್ಲ. ಜಗಲಿಯಲ್ಲಿ ಕೂತ ಅವನನ್ನು ನೋಡಿ ಎಷ್ಟು ಸಲ ಇವನ ಕಥೆ ಮುಗಿಯಿತು ಎಂದುಕೊಂಡಿದ್ದೆ. ಅದೇ ಮನಸ್ಸಿನಿಂದ ಈಗ ಹೊಡೆಯಬೇಕು. ಸದ್ದು ಬಾರದೆ ಹೋದರೆ ಈ ಬೀದಿಯಲ್ಲಿ, ಇವನ ಬೆನ್ನ ಹಿಂದೆ, ನಾನು ಇವನನ್ನು ಕೊಂದ ಹಾಗೆ. ಬೆಳಿಗ್ಗೆ ಅವನ ತೊಡೆಯ ಮೇಲೆ ಕೂತು ತಟ್ಟನೆ ತಿರುಗಿದ ಮಗು ನೆನಪಾಯಿತು, ಎರಡನೇ ಸಲ ಅನ್ನ ಹಾಕಿಸಿಕೊಂಡ ತಟ್ಟೆ ನೆನಪಾಯಿತು. ಕೈಚೀಲವನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ, ಎಷ್ಟೋ ವರ್ಷ ಒಂದಕ್ಕೊಂದು ತಾಗದ ಎರಡು ಕೈಯನ್ನು ಎತ್ತಿ ಹೊಡೆದೆ.

ಅಂಗೈ ಉರಿಯಿತು. ತಂತಿಯ ಮೇಲಿದ್ದ ಗುಬ್ಬಿಗಳು ಹಾರಿದವು. ಪದ್ದು ತಿರುಗಿ ನೋಡಿದ.